ಬ್ರೇಕ್‌ನ ಆಚೆಗಿನ ಜಾಹೀರಾತು

ಮಕ್ಕಳ ಟಿವಿಯಲ್ಲಿ ಜಾಹೀರಾತು ವಿಪರೀತವಾಯಿತು ಎಂದು ದೂರುವಾಗ ನಮ್ಮೆಲ್ಲರ ಕಣ್ಣು ಇರುವುದು ಬ್ರೇಕ್‌ನ ಮೇಲೆ. ಕಾರ್ಟೂನ್ ನಿಲ್ಲುತ್ತದೆ, ಬಿಸ್ಕತ್ತು, ಚಾಕಲೇಟು, ಹಾಲಿಗೆ ಬೆರೆಸುವ ಪುಡಿ ಒಂದರ ಹಿಂದೆ ಒಂದು ಬರುತ್ತವೆ, ಮತ್ತೆ ಕಾರ್ಟೂನ್ ಶುರುವಾಗುತ್ತದೆ. ಕಾನೂನು ಕಾಯುವುದೂ ಬಹುಮಟ್ಟಿಗೆ ಆ ಎರಡು ಮೂರು ನಿಮಿಷವನ್ನೇ. ನಾನು ಇವತ್ತು ಮಾತಾಡಲಿರುವುದು ಬ್ರೇಕ್ ಮುಗಿದ ಮೇಲಿನ ಹೊತ್ತಿನ ಬಗ್ಗೆ. ಕತೆ ಶುರುವಾದ ಕೂಡಲೇ ದೊಡ್ಡವರು ನಿರಾಳವಾಗಿ ಅಡುಗೆಮನೆಗೆ ಹೋಗುತ್ತಾರಲ್ಲ, ವ್ಯಾಪಾರದ ಹೆಚ್ಚಿನ ಕೆಲಸ ನಡೆಯುವುದು ಆಗಲೇ.

ಇದರ ಮೂಲ ಹುಡುಕಲು 1969ರ ಅಮೆರಿಕಕ್ಕೆ ಹೋಗಬೇಕು. ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್ ಪುಟಾಣಿ ಕಾರುಗಳು ಅಂಗಡಿಗೆ ಬಂದದ್ದು ಅದರ ಹಿಂದಿನ ವರ್ಷ. ಎಬಿಸಿ ವಾಹಿನಿ ಅದೇ ಹೆಸರಿನ ಕಾರ್ಟೂನನ್ನು ಶನಿವಾರ ಬೆಳಿಗ್ಗೆ ಹಾಕಲು ಶುರುಮಾಡಿತು. ದೂರು ಕೊಟ್ಟವರು ತಂದೆತಾಯಿಯರಲ್ಲ, ಟಾಪರ್ ಎಂಬ ಎದುರಾಳಿ ಆಟಿಕೆ ಕಂಪನಿ. ನಮಗೆ ಮೂವತ್ತು ಸೆಕೆಂಡಿಗೆ ದುಡ್ಡು ಕೇಳುತ್ತೀರಿ, ಅವರಿಗೆ ಅರ್ಧ ಗಂಟೆ ಪುಕ್ಕಟೆ ಬಿಟ್ಟಿದ್ದೀರಿ ಎಂಬುದು ಆ ತಕರಾರಿನ ಸಾರ. ಅಲ್ಲಿನ ಪ್ರಸಾರ ಆಯೋಗವಾದ ಎಫ್‌ಸಿಸಿ ಇದನ್ನು ಒಪ್ಪಿತು. ಕಾರ್ಯಕ್ರಮದ ಒಂದು ಭಾಗವನ್ನು ಜಾಹೀರಾತಿನ ಲೆಕ್ಕಕ್ಕೇ ಬರೆದುಕೊಳ್ಳಿ ಎಂದು ಸ್ಟೇಷನ್‌ಗಳಿಗೆ ತಿಳಿಸಿತು. 1971ರಲ್ಲಿ ಆ ಕಾರ್ಟೂನ್ ನಿಂತುಹೋಯಿತು.

ಅದೇ ಕಾಲಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪೆಗ್ಗಿ ಚಾರೆನ್ ಎಂಬ ತಾಯಿ, ಇನ್ನಷ್ಟು ತಾಯಂದಿರ ಜೊತೆ ಸೇರಿ ಮಕ್ಕಳ ಟಿವಿಗಾಗಿ ಹೋರಾಡುವ ಸಂಘಟನೆಯೊಂದನ್ನು 1968ರಲ್ಲೇ ಕಟ್ಟಿದ್ದರು. ಅವರ ಒತ್ತಾಯದ ಫಲವಾಗಿ 1974ರಲ್ಲಿ ಎಫ್‌ಸಿಸಿ ಎರಡು ಮುಖ್ಯ ಮಾತು ಹೇಳಿತು. ಕತೆಗೂ ಜಾಹೀರಾತಿಗೂ ನಡುವೆ ಮಗುವಿಗೆ ತಿಳಿಯುವಂಥ ಗಡಿ ಇರಬೇಕು. ಕಾರ್ಯಕ್ರಮದ ಪಾತ್ರವೇ ಆ ಕಾರ್ಯಕ್ರಮದ ಬ್ರೇಕ್‌ನಲ್ಲಿ ಬಂದು ಸಾಮಾನು ಮಾರಬಾರದು. ಎರಡನೆಯದನ್ನು ನೆನಪಿಡಿ, ನಮ್ಮ ದೇಶದ ವಿಚಾರಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಆಮೇಲೆ ಗಾಳಿ ತಿರುಗಿತು. ರೇಗನ್ ಕಾಲದಲ್ಲಿ ಎಫ್‌ಸಿಸಿ ಅಧ್ಯಕ್ಷರಾದ ಮಾರ್ಕ್ ಫೌಲರ್, ಟಿವಿಯೂ ಮನೆಯ ಇನ್ನೊಂದು ಉಪಕರಣ, ಚಿತ್ರ ಮೂಡುವ ಟೋಸ್ಟರ್ ಅಷ್ಟೆ ಎಂದರು. 1984ರಲ್ಲಿ ಮಕ್ಕಳ ಕಾರ್ಯಕ್ರಮಗಳ ಜಾಹೀರಾತಿಗಿದ್ದ ಸಮಯದ ಮಿತಿಯೂ ಹೋಯಿತು. ಗಾಳಿಯ ದಿಕ್ಕು ಕಂಡಿದ್ದ ಆಟಿಕೆ ಕಂಪನಿಗಳು ಅಷ್ಟು ಹೊತ್ತು ಕಾದಿರಲೇ ಇಲ್ಲ.

ಹೀ-ಮ್ಯಾನ್ ಗೊಂಬೆ 1982ರಲ್ಲಿ ಅಂಗಡಿಗೆ ಬಂತು, ಕಾರ್ಟೂನ್ 1983ರಲ್ಲಿ ಬಂತು. ಈ ಸರದಿಯೇ ಎಲ್ಲವನ್ನೂ ಹೇಳುತ್ತದೆ. ಮೊದಲ ಸುತ್ತಿನಲ್ಲಿ ತಯಾರಾದದ್ದು 65 ಕಂತು. 65 ಏಕೆ ಎಂದರೆ, ವಾರಕ್ಕೆ ಐದು ದಿನದಂತೆ ಹದಿಮೂರು ವಾರ, ಅಂದರೆ ವರ್ಷದ ಕಾಲುಭಾಗ ತುಂಬುತ್ತದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಹಾಕಬಹುದು. ವಾರಕ್ಕೊಮ್ಮೆ ಬರುತ್ತಿದ್ದ ಪಾತ್ರ ದಿನಾ ಸಂಜೆ, ಶಾಲೆ ಬಿಟ್ಟ ಹೊತ್ತಿಗೆ ಬರತೊಡಗಿತು. ಸ್ಟೇಷನ್‌ಗಳಿಗೆ ಇದು ನಗದಿಗಲ್ಲ, ಜಾಹೀರಾತಿನ ವೇಳೆಯ ವಿನಿಮಯದಲ್ಲಿ ಸಿಗುತ್ತಿತ್ತು. ಅಷ್ಟು ಕಂತುಗಳನ್ನು ಅಗ್ಗವಾಗಿ ಬಿಡಿಸಲು ಒಂದೇ ಚಿತ್ರದ ತುಣುಕುಗಳನ್ನು ಮತ್ತೆ ಮತ್ತೆ ಬಳಸಿದರು. ಕತ್ತಿ ಎತ್ತಿ ರಾಜಕುಮಾರ ವೀರನಾಗುವ ದೃಶ್ಯ ಕಂತುಕಂತಿಗೂ ಹಾಗೇ ಬರುತ್ತದೆ. ಖರ್ಚು ಉಳಿಸಲು ಮಾಡಿದ್ದು ಮಾರಾಟಕ್ಕೂ ಒದಗಿತು: ಮಗು ದಿನಕ್ಕೊಮ್ಮೆ ಆ ಕತ್ತಿಯನ್ನು ಪರದೆ ತುಂಬ ನೋಡುತ್ತದೆ, ಅದೇ ಕತ್ತಿ ಅಂಗಡಿಯ ಡಬ್ಬದಲ್ಲಿದೆ. ಕೊನೆಗೆ ಅರ್ಧ ನಿಮಿಷ ಒಂದು ನೀತಿಪಾಠ. ಆ ಪಾಠಗಳು ಕೆಟ್ಟವೇನಲ್ಲ. ಆದರೆ ಅವನ್ನು ಕೇಳಿ ತಂದೆತಾಯಿಯರು ಇಡೀ ಕಾರ್ಯಕ್ರಮವೇ ಮಕ್ಕಳ ಒಳಿತಿಗೆ ಹುಟ್ಟಿದ್ದು ಎಂದು ನಂಬಿದರು.

ವಾಹನವಾಗಿ ರೂಪ ಬದಲಿಸುವ ರೋಬೋಟ್ ಗೊಂಬೆಗಳಾದ ಟ್ರಾನ್ಸ್‌ಫಾರ್ಮರ್ಸ್‌ನ ಹುಟ್ಟು ಇನ್ನೂ ಸ್ಪಷ್ಟ. ಜಪಾನಿನ ಟಕಾರಾ ಕಂಪನಿ ಡಯಾಕ್ಲೋನ್, ಮೈಕ್ರೋಮ್ಯಾನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಆಟಿಕೆಗಳನ್ನು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ತಂದಿತು. ಅವುಗಳಿಗೆ ಹೆಸರು, ಗುಣ, ಒಳ್ಳೆಯವರು ಕೆಟ್ಟವರು ಎಂಬ ಪಂಗಡ, ಯುದ್ಧದ ಕತೆ, ಎಲ್ಲವನ್ನೂ ಮಾರ್ವೆಲ್ ಕಾಮಿಕ್ಸ್‌ನ ಬರಹಗಾರರಿಂದ ಬರೆಸಿತು. ಗೊಂಬೆ ಮೊದಲು, ಪಾತ್ರ ಆಮೇಲೆ. 1986ರಲ್ಲಿ ಬಂದ ಸಿನಿಮಾದಲ್ಲಿ ನಾಯಕ ಆಪ್ಟಿಮಸ್ ಪ್ರೈಮ್ ಸಾಯುತ್ತಾನೆ, ಅವನ ಜೊತೆ ಹಳೆಯ ಪಾತ್ರಗಳು ಸಾಲುಸಾಲಾಗಿ ಸಾಯುತ್ತವೆ. ಕತೆಗೆ ಆ ಸಾವುಗಳು ಬೇಕಿರಲಿಲ್ಲ. ಹಳೆಯ ಸಾಲಿನ ಗೊಂಬೆಗಳು ಅಂಗಡಿಯಿಂದ ಇಳಿದು ಹೊಸ ಸಾಲು ಏರಬೇಕಿತ್ತು. ಥಿಯೇಟರ್‌ಗಳಲ್ಲಿ ಮಕ್ಕಳು ಅತ್ತರು. ಗಲಾಟೆಯಾಗಿ ಮರುವರ್ಷ ಅವನನ್ನು ಟಿವಿ ಸರಣಿಯಲ್ಲಿ ಬದುಕಿಸಬೇಕಾಯಿತು. ಮಗುವಿನ ದುಃಖ ನಿಜವಾದದ್ದು, ಆ ಸಾವನ್ನು ಬರೆದದ್ದು ಸರಕಿನ ಪಟ್ಟಿ. ಗುಪ್ತ ಜಾಹೀರಾತಿನಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ಇನ್ನೊಂದು ವಿಚಿತ್ರ ಪ್ರಯೋಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1987ರಲ್ಲಿ ಮ್ಯಾಟೆಲ್ ‘ಕ್ಯಾಪ್ಟನ್ ಪವರ್’ ಎಂಬ ಸರಣಿಯನ್ನು ತಂದಿತು. ಅದರ ಆಟಿಕೆ ವಿಮಾನವನ್ನು ಟಿವಿಯತ್ತ ಹಿಡಿದು ಗುಂಡು ಹಾರಿಸಬಹುದಿತ್ತು. ಪರದೆಯ ಮೇಲೆ ಮಿನುಗುವ ಬೆಳಕೇ ಸಂಕೇತ. ವಿಮಾನ ಅದನ್ನು ಗ್ರಹಿಸಿ ಅಂಕ ಎಣಿಸುತ್ತಿತ್ತು, ಏಟು ಹೆಚ್ಚಾದರೆ ಪೈಲಟ್ ಗೊಂಬೆ ಚಿಮ್ಮಿ ಹೊರಗೆ ಬೀಳುತ್ತಿತ್ತು. ಆಟಿಕೆ ಇಲ್ಲದ ಮಗು ಅದೇ ಕಾರ್ಯಕ್ರಮವನ್ನು ಅರ್ಧ ಮಾತ್ರ ನೋಡಿದ ಹಾಗೆ. ಒಂದೇ ಹಂಗಾಮಿಗೆ ಅದು ನಿಂತಿತು.

1990ರಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಟಿವಿ ಕಾಯ್ದೆ ಮಾಡಿತು. ಜಾಹೀರಾತು ವಾರಾಂತ್ಯದಲ್ಲಿ ಗಂಟೆಗೆ ಹತ್ತೂವರೆ ನಿಮಿಷ, ಉಳಿದ ದಿನ ಹನ್ನೆರಡು ನಿಮಿಷ ಮೀರುವಂತಿಲ್ಲ. ಹಾಗಾದರೆ ಆಟಿಕೆಯ ಮೇಲೆಯೇ ಕಟ್ಟಿದ ಕಾರ್ಟೂನ್? ಮುಂದಿನ ವರ್ಷ ಎಫ್‌ಸಿಸಿ ಅದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಕಾರ್ಟೂನಿನ ಒಳಗೆ ಅದೇ ಆಟಿಕೆಯ ಜಾಹೀರಾತು ಬಂದರೆ ಮಾತ್ರ ಇಡೀ ಕಾರ್ಯಕ್ರಮ ಜಾಹೀರಾತು ಎನಿಸಿಕೊಳ್ಳುತ್ತದೆ. ಬರದಿದ್ದರೆ ಅರ್ಧ ಗಂಟೆಯೂ ಆಟಿಕೆಯನ್ನೇ ತೋರಿಸಿದರೂ ಅದು ಕಾರ್ಯಕ್ರಮವೇ.

ಈ ನಿಯಮಕ್ಕೆ ಹಲ್ಲಿಲ್ಲ ಎನ್ನುವಂತಿಲ್ಲ. ಜಾಹೀರಾತಿನ ಮಿತಿ ಮೀರಿದ್ದಕ್ಕೆ 2004ರಲ್ಲಿ ಮಕ್ಕಳ ಚಾನೆಲ್ ನಿಕಲೋಡಿಯನ್‌ನ ಒಡೆಯರು ಹತ್ತು ಲಕ್ಷ ಡಾಲರ್ ತೆತ್ತರು. 2018ರ ನವೆಂಬರ್, ಡಿಸೆಂಬರ್‌ನಲ್ಲಿ ಸಿಂಕ್ಲೇರ್ ಎಂಬ ದೊಡ್ಡ ಪ್ರಸಾರ ಸಂಸ್ಥೆಯ ಹತ್ತಾರು ಸ್ಟೇಷನ್‌ಗಳಲ್ಲಿ ‘ಟೀಮ್ ಹಾಟ್ ವೀಲ್ಸ್’ ಕಾರ್ಟೂನ್ ನಡೆಯುತ್ತಿದ್ದಾಗ ಬ್ರೇಕ್‌ನಲ್ಲಿ ಹಾಟ್ ವೀಲ್ಸ್ ಗ್ಯಾರೇಜ್ ಆಟಿಕೆಯ ಜಾಹೀರಾತು ಬಂತು. ಲೆಕ್ಕ ಹೀಗೆ: ಸಣ್ಣ ಜಾಹೀರಾತೊಂದು ನುಸುಳಿದ ಕೂಡಲೇ ಇಡೀ ಅರ್ಧ ಗಂಟೆ ಜಾಹೀರಾತಾಯಿತು, ಹತ್ತೂವರೆ ನಿಮಿಷದ ಮಿತಿ ತಾನಾಗಿ ಮುರಿಯಿತು. 2022ರಲ್ಲಿ ಎಫ್‌ಸಿಸಿ ಪ್ರಸ್ತಾಪಿಸಿದ ದಂಡ 26 ಲಕ್ಷ 52 ಸಾವಿರ ಡಾಲರ್. ಆದರೆ ಗಮನಿಸಿ, ಅದೇ ಜಾಹೀರಾತು ಆ ಕಾರ್ಟೂನಿನ ಬ್ರೇಕ್ ಬಿಟ್ಟು ಬೇರೆ ಕಾರ್ಟೂನಿನ ಬ್ರೇಕ್‌ನಲ್ಲಿ ಬಂದಿದ್ದರೆ ತಪ್ಪೇ ಇರುತ್ತಿರಲಿಲ್ಲ. 1969ರಲ್ಲಿ ಕಾರ್ಟೂನಿನ ಒಳಗನ್ನೇ ಪ್ರಶ್ನಿಸಿದ್ದ ಆಯೋಗ, ಅದೇ ಬ್ರ್ಯಾಂಡಿನ ಕಾರ್ಟೂನ್ ಮತ್ತೆ ಬಂದಾಗ ಬ್ರೇಕ್ ಒಂದನ್ನೇ ನೋಡಿತು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ಮಾಡುವುದನ್ನೇ 1980ರಿಂದ ನಿಷೇಧಿಸಿದೆ. ಆಟಿಕೆ ಕಂಪನಿಯೊಂದು ಪ್ರಶ್ನಿಸಿದಾಗ 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ಬ್ರಿಟನ್ 2011ರಲ್ಲಿ ದುಡ್ಡು ಪಡೆದು ಕಾರ್ಯಕ್ರಮದೊಳಗೆ ಸಾಮಾನು ಇಡಲು ಅವಕಾಶ ಕೊಟ್ಟಿತು, ಮಕ್ಕಳ ಕಾರ್ಯಕ್ರಮಗಳನ್ನು ಮಾತ್ರ ಹೊರಗಿಟ್ಟಿತು.

ಮಕ್ಕಳಿಗೆ ಇದು ತಿಳಿಯುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ವಯಸ್ಸಿನ ಮೇಲೆ ಹೋಗುತ್ತದೆ. ನಾಲ್ಕೈದು ವರ್ಷದ ಮಗುವಿಗೆ ಜಾಹೀರಾತು ಗೊತ್ತಾದರೂ ಹೊರಗುರುತಿನಿಂದ ಮಾತ್ರ: ಚಿಕ್ಕದು, ಹಾಡು ಜೋರು, ಬೇಗ ಮುಗಿಯುತ್ತದೆ. ತನ್ನನ್ನು ಒಪ್ಪಿಸಿ ಏನನ್ನೋ ಕೊಳ್ಳಿಸುವುದೇ ಅದರ ಉದ್ದೇಶ ಎಂಬ ತಿಳಿವಳಿಕೆ ಮೂಡುವುದು ಏಳೆಂಟು ವರ್ಷದ ಹೊತ್ತಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2004ರಲ್ಲಿ, ಎಂಟು ವರ್ಷದೊಳಗಿನವರನ್ನು ಗುರಿಯಾಗಿಸುವ ಜಾಹೀರಾತಿಗೆ ಕಡಿವಾಣ ಹಾಕಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಎಂಟು ದಾಟಿದ ಮಕ್ಕಳಿಗೂ ಯಾರಾದರೂ ನೆನಪಿಸದಿದ್ದರೆ ಆ ತಿಳಿವಳಿಕೆ ಹೊತ್ತಿಗೆ ಒದಗುವುದಿಲ್ಲ. ಕತೆಯ ಪಾತ್ರವೇ ಜಾಹೀರಾತಿನಲ್ಲೂ ಬಂದರಂತೂ ಗಡಿ ಪೂರ್ತಿ ಅಳಿಸಿಹೋಗುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. ಕೇಬಲ್ ಟಿವಿ ನಿಯಮಗಳು, 1994. ಇದರ 7ನೇ ನಿಯಮ ಜಾಹೀರಾತು ಸಂಹಿತೆ. 10ನೇ ಉಪನಿಯಮದ ಪ್ರಕಾರ ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ಪರದೆಯ ಕೆಳಭಾಗದಲ್ಲಿ ಪಟ್ಟಿ ಓಡಿಸಿ ಕಾರ್ಯಕ್ರಮಕ್ಕೆ ಅಡ್ಡ ಬರಬಾರದು. ಚಾನೆಲ್‌ನವರು ಆಸ್ಟನ್, ಎಲ್-ಬ್ಯಾಂಡ್ ಎಂದು ಕರೆಯುವ ಪಟ್ಟಿಗಳೇ ಇವು. 11ನೇ ಉಪನಿಯಮ ಗಂಟೆಗೆ ಹನ್ನೆರಡು ನಿಮಿಷದ ಮಿತಿ ಹಾಕುತ್ತದೆ: ಜಾಹೀರಾತು ಹತ್ತು ನಿಮಿಷ, ಚಾನೆಲ್ಲಿನ ಸ್ವಂತ ಪ್ರಚಾರ ಎರಡು ನಿಮಿಷ. ಆದರೆ ಕಾರ್ಟೂನಿನ ಪಾತ್ರ ತನ್ನದೇ ಬ್ರೇಕ್‌ನಲ್ಲಿ ಬಂದು ಮಾರಬಾರದು ಎಂಬ ಮಾತು, ಆಗ ನೆನಪಿಡಿ ಎಂದೆನಲ್ಲ, ಅದು ಈ ಸಂಹಿತೆಯಲ್ಲಿ ಇಲ್ಲ.

2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಟಿವಿ, ಯೂಟ್ಯೂಬ್, ಪತ್ರಿಕೆ ಎಂಬ ಭೇದವಿಲ್ಲದೆ ಎಲ್ಲ ಮಾಧ್ಯಮಕ್ಕೂ ಅದು ಅನ್ವಯ. ‘ಅಪ್ಪನಿಗೆ ಹೇಳಿ ಕೊಡಿಸಿಕೊ’ ಎಂದು ಮಗುವನ್ನು ನೇರವಾಗಿ ಪುಸಲಾಯಿಸುವಂತಿಲ್ಲ. ಈ ವಸ್ತು ಇಲ್ಲದಿದ್ದರೆ ಗೆಳೆಯರು ನಗುತ್ತಾರೆ ಎಂದು ತೋರಿಸುವಂತಿಲ್ಲ. ಚಿಪ್ಸ್, ಸೋಡಾ ಪಾನೀಯದಂಥ ಜಂಕ್ ಫುಡ್ ಜಾಹೀರಾತು ಮಕ್ಕಳ ಕಾರ್ಯಕ್ರಮದ ನಡುವೆ ಅಥವಾ ಮಕ್ಕಳಿಗೇ ಮೀಸಲಾದ ಚಾನೆಲ್‌ನಲ್ಲಿ ಬರುವಂತಿಲ್ಲ. ಪೊಟ್ಟಣದೊಳಗೆ ಉಚಿತ ಕಾರ್ಡು, ಸ್ಟಿಕರ್ ಇಟ್ಟು ಬೇಡದ್ದನ್ನು ಕೊಳ್ಳಿಸುವುದನ್ನು ಮಾತ್ರ ಪೂರ್ತಿ ನಿಷೇಧಿಸಿಲ್ಲ, ಉತ್ತೇಜಿಸಬಾರದು ಎಂದಿದೆ. ದಾರಿತಪ್ಪಿಸುವ ಜಾಹೀರಾತಿಗೆ ದಂಡ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ.

ಕಿಂಡಿ ಇರುವುದು ‘ಮಕ್ಕಳ ಕಾರ್ಯಕ್ರಮ’ ಎಂಬ ಮಿತಿಯಲ್ಲಿ. ಚಿಂಟು ಟಿವಿಯಂಥ ಕನ್ನಡದ ಮಕ್ಕಳ ಚಾನೆಲ್ ಇದಕ್ಕೆ ನೇರವಾಗಿ ಒಳಪಡುತ್ತದೆ. ಆದರೆ ನಮ್ಮ ಮಕ್ಕಳು ರಾತ್ರಿ ಅಜ್ಜಿಯ ಪಕ್ಕ ಕೂತು ನೋಡುವುದು ಮನರಂಜನಾ ಚಾನೆಲ್‌ನ ಧಾರಾವಾಹಿ ಮತ್ತು ಮಕ್ಕಳೇ ಹಾಡಿ, ನಟಿಸಿ, ಕುಣಿಯುವ ರಿಯಾಲಿಟಿ ಶೋಗಳನ್ನು. ಅಲ್ಲಿ ತೀರ್ಪುಗಾರರ ಮೇಜಿನ ಮೇಲೆ ಪ್ರಾಯೋಜಕರ ಹೆಸರಿನ ಮಗ್ ಇರುತ್ತದೆ, ಹೆಸರು ಕ್ಯಾಮೆರಾದತ್ತ ತಿರುಗಿರುತ್ತದೆ. ಹಿನ್ನೆಲೆಯ ಪರದೆಯಲ್ಲಿ ಲೋಗೊ. ಚೆನ್ನಾಗಿ ಹಾಡಿದ ಏಳು ವರ್ಷದ ಹುಡುಗಿಯ ಕೈಗೆ ನಿರೂಪಕರು ಪ್ರಾಯೋಜಕರ ಉಡುಗೊರೆ ಬುಟ್ಟಿ ಕೊಡುತ್ತಾರೆ, ಮಗು ಅದನ್ನೆತ್ತಿ ತೋರಿಸುತ್ತದೆ. ಇದ್ಯಾವುದೂ ಬ್ರೇಕ್ ಅಲ್ಲ, ಹನ್ನೆರಡು ನಿಮಿಷದಲ್ಲಿ ಲೆಕ್ಕಕ್ಕೂ ಬರುವುದಿಲ್ಲ. ಮಾರುವವಳು ನೋಡುವ ಮಗುವಿನದೇ ವಯಸ್ಸಿನ ಮಗು. ಇಷ್ಟು ಬಲವಾದ ಜಾಹೀರಾತು ಬ್ರೇಕ್‌ನಲ್ಲಿ ಸಿಗುವುದಿಲ್ಲ.

ನೀವು ಮನೆಯಲ್ಲಿ ಏನು ಮಾಡಬಹುದು? ಒಂದು ಹಾಳೆ, ಪೆನ್ನು, ಮೊಬೈಲಿನ ಸ್ಟಾಪ್‌ವಾಚ್ ತೆಗೆದುಕೊಂಡು ಮಗು ನೋಡುವ ಕಾರ್ಯಕ್ರಮವನ್ನು ಅರ್ಧ ಗಂಟೆ ಜೊತೆಗೆ ಕೂತು ನೋಡಿ. ಹಾಳೆಯಲ್ಲಿ ಮೂರು ಕಂಬ ಗೀರಿ. ಮೊದಲನೆಯದರಲ್ಲಿ ಪ್ರತಿ ಬ್ರೇಕ್ ಶುರುವಾದ, ಮುಗಿದ ಹೊತ್ತು. ಎರಡನೆಯದರಲ್ಲಿ ಕತೆಯೊಳಗೆ ಹೆಸರು ಹಿಡಿದು ಕರೆದ, ಅಂಗಡಿಯಲ್ಲಿ ಸಿಗುವ ವಸ್ತು, ಎಷ್ಟು ಸಲ ಎಂಬ ಎಣಿಕೆ. ಮೂರನೆಯದರಲ್ಲಿ ಕತೆಯ ಪಾತ್ರ ಬೇರೆಲ್ಲಿ ಕಂಡಿತು: ಜಾಹೀರಾತಿನಲ್ಲೇ, ಕೆಳಗಿನ ಪಟ್ಟಿಯಲ್ಲೇ, ಸ್ಪರ್ಧೆಯ ಪ್ರಕಟಣೆಯಲ್ಲೇ. ಸಾಮಾನ್ಯವಾಗಿ ಎಡವುವುದು ಮೊದಲ ಕಂಬ ತುಂಬಿಸಿ ಅಲ್ಲಿಗೇ ನಿಲ್ಲಿಸುವುದರಲ್ಲಿ. ಬ್ರೇಕ್ ಮಿತಿಯೊಳಗಿದೆ ಎಂದು ಸಮಾಧಾನವಾಗುತ್ತದೆ, ಉಳಿದೆರಡು ಖಾಲಿಯಾಗೇ ಉಳಿಯುತ್ತವೆ.

ಎರಡನೇ ಕಂಬದ ವಸ್ತುಗಳಿಗೆ ಒಂದು ಪರೀಕ್ಷೆ ಇದೆ. ಆ ವಸ್ತುವನ್ನು ಕತೆಯಿಂದ ತೆಗೆದುಬಿಡಿ. ಕತೆ ಏನೂ ಆಗದೆ ನಡೆದರೆ ಅದು ದುಡ್ಡು ಪಡೆದು ತಂದಿಟ್ಟ ಸಾಮಾನಿರಬಹುದು, ಮೇಜಿನ ಮೇಲಿನ ಮಗ್‌ನಂತೆ. ಕತೆಯೇ ಕುಸಿದರೆ, ವಸ್ತುವಿಗಾಗಿ ಕತೆ ಹುಟ್ಟಿದ ಸಾಧ್ಯತೆ ಹೆಚ್ಚು. ಆಗ ಇನ್ನೊಂದು ಪ್ರಶ್ನೆ: ಹಳೆಯ ವಸ್ತುವಿನಿಂದ ಸೋತ ನಾಯಕ ಹೊಸ ವಸ್ತು ಬಂದ ಮೇಲೆ ಗೆಲ್ಲುತ್ತಾನೆಯೇ?

ಬುಗುರಿಯಂತೆ ತಿರುಗಿಸಿ ಪಂದ್ಯ ಆಡುವ ಬೇಬ್ಲೇಡ್ ಇದಕ್ಕೆ ಒಳ್ಳೆಯ ಉದಾಹರಣೆ. ಜಪಾನಿನಲ್ಲಿ ಆಟಿಕೆ 1999ರಲ್ಲಿ, ಕಾರ್ಟೂನ್ 2001ರಲ್ಲಿ. ಆಮೇಲೆ ಇಲ್ಲಿಗೂ ಬಂದು ನಮ್ಮ ಊರುಗಳ ಹುಡುಗರ ಕೈ ಸೇರಿತು. ಮೊದಲ ತಲೆಮಾರಿನ ಬೇಬ್ಲೇಡ್ ಬಿಚ್ಚಿದರೆ ಐದು ಭಾಗ: ಮೇಲಿನ ಚಿತ್ರದ ಬಿಲ್ಲೆ, ಹೊಡೆಯುವ ಉಂಗುರ, ತೂಕದ ತಟ್ಟೆ, ತಿರುಗುವ ಗೇರ್, ಕೆಳಗಿನ ತಳ. ಪ್ರತಿಯೊಂದನ್ನೂ ಬದಲಿಸಬಹುದು. ಕಾರ್ಟೂನಿನಲ್ಲಿ ಪಂದ್ಯ ತಿರುಗುವುದು ಅನೇಕ ಸಲ ಇಂಥ ಬದಲಾವಣೆಯಿಂದಲೇ. ನಮ್ಮ ಬುಗುರಿಯೂ ತಿರುಗುವ ಆಟಿಕೆಯೇ. ಕಡೆದ ಮರದ ತುಂಡು, ಒಂದು ಮೊಳೆ, ಒಂದು ಚಾಟಿ, ಅಷ್ಟೆ. ಸೋತವನು ಚಾಟಿ ಸುತ್ತುವುದನ್ನು ಕಲಿತು ಮತ್ತೆ ಬರುತ್ತಿದ್ದ. ಬೇಬ್ಲೇಡಿನ ಕತೆಯಲ್ಲಿ ಛಲ, ಗೆಳೆತನ ಇಲ್ಲವೆನ್ನುತ್ತಿಲ್ಲ. ಅವುಗಳ ಜೊತೆಗೇ ಹೊಸ ಭಾಗ ಬೇಕು ಎಂಬ ಪಾಠವೂ ಸೇರಿಕೊಂಡಿದೆ.

ಮಗುವಿನ ಜೊತೆ ಮಾತಾಡುವಾಗ ‘ಇದು ಜಾಹೀರಾತಾ?’ ಎಂದು ಕೇಳಬೇಡಿ. ಚಿಕ್ಕದಿದ್ದರೆ ಹೌದು, ಉದ್ದವಿದ್ದರೆ ಅಲ್ಲ ಎಂಬ ಉತ್ತರವೇ ಬರುವುದು. ‘ಪುಟ್ಟಾ, ಈ ಬುಗುರಿ ಅಂಗಡೀಲಿ ಸಿಗುತ್ತಾ? ಅದನ್ನ ಮಾಡೋರು ಯಾರು? ಈ ಕಾರ್ಟೂನ್ ಇಲ್ಲದಿದ್ರೆ ಅವರಿಗೆ ಏನಾಗುತ್ತೆ?’ ಎಂದು ಕೇಳಿ. ಆಟಿಕೆ ಮನೆಯಲ್ಲಿದ್ದರೆ ನೆಲದ ಮೇಲೆ ಬಿಟ್ಟು ಎಷ್ಟು ಸೆಕೆಂಡು ತಿರುಗುತ್ತದೆ ಎಂದು ಮಗುವಿನ ಕೈಲೇ ಅಳೆಸಿ. ಪರದೆಯಲ್ಲಿ ಅದರಿಂದ ಬೆಂಕಿಯೂ ಮಿಂಚೂ ಬಂದಿತ್ತು, ನೆಲದ ಮೇಲೆ ಬರುವುದಿಲ್ಲ. ಆ ವ್ಯತ್ಯಾಸವನ್ನು ಮಗುವೇ ಕಂಡುಕೊಂಡರೆ ನೀವು ಹೇಳುವ ಹತ್ತು ಮಾತಿಗಿಂತ ಹೆಚ್ಚು. ಮತ್ತೆ, ಆಸೆಪಟ್ಟದ್ದಕ್ಕೆ ದಯವಿಟ್ಟು ಗದರಬೇಡಿ. ಇಡೀ ವಿನ್ಯಾಸವನ್ನು ದೊಡ್ಡವರು, ಕಸುಬು ಬಲ್ಲವರು ಮಾಡಿದ್ದಾರೆ, ಮಗುವಿನದು ತಪ್ಪಲ್ಲ.

ಕೊನೆಗೆ ದೂರಿನ ವಿಚಾರ. ‘ನಿಮ್ಮ ಚಾನೆಲ್ ಮಕ್ಕಳನ್ನು ಹಾಳುಮಾಡುತ್ತಿದೆ’ ಎಂದು ಬರೆದರೆ ಅದು ಅಭಿಪ್ರಾಯವಾಗುತ್ತದೆ, ಯಾವ ನಿಯಮಕ್ಕೂ ತಾಗುವುದಿಲ್ಲ. ಚಾನೆಲ್, ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ ನಿಮಿಷ, ವಸ್ತುವಿನ ಹೆಸರು, ಅದು ಬ್ರೇಕ್‌ನಲ್ಲಿ ಬಂತೋ ಕತೆಯೊಳಗೋ ಕೆಳಪಟ್ಟಿಯಲ್ಲೋ, ಇಷ್ಟು ಬರೆಯಿರಿ. ಮೊಬೈಲಿನಲ್ಲಿ ತೆಗೆದ ಫೋಟೊ ಅಥವಾ ಇಪ್ಪತ್ತು ಸೆಕೆಂಡಿನ ವಿಡಿಯೊ ಸೇರಿಸಿ. ಯಾವ ನಿಯಮ ಎಂದು ಹೆಸರಿಸಿ: ಕೆಳಪಟ್ಟಿಗೆ ಕೇಬಲ್ ಟಿವಿ ನಿಯಮಗಳ 7ನೇ ನಿಯಮದ 10ನೇ ಉಪನಿಯಮ, ಮಕ್ಕಳ ಚಾನೆಲ್‌ನಲ್ಲಿ ಚಿಪ್ಸ್ ಬಂದರೆ 2022ರ ಮಾರ್ಗಸೂಚಿ. ಜಾಹೀರಾತಿನ ದೂರನ್ನು ಜಾಹೀರಾತು ಮಾನದಂಡ ಮಂಡಳಿ ಆಸ್ಕಿಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕೊಡಬಹುದು. ಕಾರ್ಯಕ್ರಮದ ಒಳಗಿನ ವಿಚಾರವನ್ನು ಮೊದಲು ಚಾನೆಲ್‌ಗೇ ಬರೆಯಬೇಕು. ಅದೇ ಕೇಬಲ್ ಟಿವಿ ನಿಯಮಗಳ 2021ರ ತಿದ್ದುಪಡಿಯಂತೆ ಅವರು 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು.

ಕನ್ನಡದ ವೀಕ್ಷಕರು ವಿಶೇಷವಾಗಿ ನೋಡಬೇಕಾದ್ದು ಒಂದಿದೆ. 2022ರ ಮಾರ್ಗಸೂಚಿಯ ಪ್ರಕಾರ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತಿನ ಒಕ್ಕಣೆಯೂ (ಡಿಸ್‌ಕ್ಲೇಮರ್) ಅದೇ ಭಾಷೆಯಲ್ಲಿರಬೇಕು. ಹೇಳಿಕೆ ಧ್ವನಿಯಲ್ಲಿ ಬಂದರೆ ಷರತ್ತೂ ಅದಕ್ಕೆ ಹೊಂದಿಕೊಂಡು, ಅದೇ ವೇಗದಲ್ಲಿ ತೆರೆಯ ಮೇಲೆ ಬರಬೇಕು. ಹಿಂದಿಯಿಂದ ಡಬ್ ಆದ ಜಾಹೀರಾತುಗಳಲ್ಲಿ ‘ಎತ್ತರ ಬೆಳೆಯುತ್ತದೆ’, ‘ಬುದ್ಧಿ ಚುರುಕಾಗುತ್ತದೆ’ ಎಂಬುದು ಕನ್ನಡದಲ್ಲಿ ಕೇಳಿ, ಕೆಳಗಿನ ಇರುವೆ ಸಾಲಿನಂಥ ಅಕ್ಷರ ಇಂಗ್ಲಿಷಿನಲ್ಲಿದ್ದರೆ ಅದೇ ದೂರಿಗೆ ಸಾಕಷ್ಟು ಕಾರಣ. ಒಂದು ಫೋಟೊದಲ್ಲಿ ಸಾಬೀತಾಗುತ್ತದೆ. ಮೊದಲ ದೂರು ಬರೆಯುವವರು ಇದರಿಂದಲೇ ಶುರುಮಾಡಿ.